ಸ್ಪೋರ್ಟ್ಸ್ ಕಾರಿನ ಬಣ್ಣ: ಮೊದಲು ಒಳಗಿನದು, ಆಮೇಲೆ ಹೊರಗಿನದು

ಮಾನ್ಯ ಸಂಪಾದಕರೇ,

ಕನ್ನಡ ಪತ್ರಿಕೆಗಳ ವಾಹನ ಪುಟಗಳಲ್ಲಿ ಈಗ ಪೋರ್ಷೆ, ಲ್ಯಾಂಬೊರ್ಗಿನಿ, ಫೆರಾರಿ, ಬಿಎಂಡಬ್ಲ್ಯು ಎಂ ಸರಣಿಯ ಕಾರುಗಳ ಬಗ್ಗೆಯೂ ಬರಹಗಳು ಬರುತ್ತಿವೆ. ಎಂಜಿನ್ ಎಷ್ಟು ಸಿ.ಸಿ., ನೂರರ ವೇಗ ಮುಟ್ಟಲು ಎಷ್ಟು ಸೆಕೆಂಡು, ಬೆಲೆ ಎಷ್ಟು ಕೋಟಿ ಎಂಬುದೆಲ್ಲ ವಿವರವಾಗಿ ಇರುತ್ತದೆ. ಬಣ್ಣದ ವಿಷಯ ಮಾತ್ರ ‘ಇಷ್ಟು ಬಣ್ಣಗಳಲ್ಲಿ ಲಭ್ಯ’ ಎಂಬ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಈ ಕಾರುಗಳಲ್ಲಿ ಹೆಚ್ಚಿನವು ವಿದೇಶದಲ್ಲೇ ಪೂರ್ತಿ ತಯಾರಾಗಿ ಬರುವಂಥವು. ಬುಕ್ ಮಾಡಿದ ಮೇಲೆ ತಿಂಗಳುಗಟ್ಟಲೆ ಕಾಯಬೇಕು. ಆರ್ಡರ್ ಕಾರ್ಖಾನೆಯಲ್ಲಿ ಪಕ್ಕಾ ಆದ ನಂತರ ಬಣ್ಣ ಬದಲಿಸಲು ಬರುವುದಿಲ್ಲ. ಅಷ್ಟು ದೊಡ್ಡ ತೀರ್ಮಾನವನ್ನು ಬಹುಪಾಲು ಜನ ಮೊಬೈಲ್ ಪರದೆ ನೋಡಿಯೋ, ‘ಬಿಳಿ ತಗೊಳ್ಳಿ ಸರ್, ಮಾರುವಾಗ ಒಳ್ಳೆ ರೇಟು ಬರುತ್ತೆ’ ಎನ್ನುವ ಸೇಲ್ಸ್‌ನವರ ಮಾತು ಕೇಳಿಯೋ ಮಾಡುತ್ತಾರೆ. ನಮ್ಮ ಬಿಸಿಲು, ಧೂಳು, ಬೋರ್‌ವೆಲ್ ನೀರು, ಡೆಂಟಿಂಗ್-ಪೇಂಟಿಂಗ್ ಶೆಡ್‌ಗಳ ಕೈಗೆ ಎಟುಕುವ ಕೆಲಸ, ಆರ್‌ಟಿಒ ನಿಯಮ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡು ಬಣ್ಣ ಆರಿಸುವುದು ಹೇಗೆ ಎಂದು ತಿಳಿಸಲು ಈ ಪತ್ರ.

ನಾನು ಮೊದಲು ಹೇಳುವ ಮಾತು: ಒಳಗಿನ ಬಣ್ಣವನ್ನು ಮೊದಲು ಆರಿಸಿ. ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ. ಹೊರಗಿನ ಬಣ್ಣ ಬೇಸರವಾದರೆ ವಿನೈಲ್ ಹಾಳೆ ಸುತ್ತಿಸಬಹುದು, ಬಣ್ಣದ ಪಿಪಿಎಫ್ (ಪೇಂಟ್ ಕಾಯಲು ಮೇಲೆ ಅಂಟಿಸುವ ಪ್ಲಾಸ್ಟಿಕ್ ಹಾಳೆ) ಹಾಕಿಸಬಹುದು, ಖರ್ಚಾದರೂ ಸರಿ ಎಂದರೆ ಪೂರ್ತಿ ಪೇಂಟ್ ಕೂಡ ಮಾಡಿಸಬಹುದು. ಒಳಗಿನದಕ್ಕೆ ಇಂಥ ದಾರಿ ಇಲ್ಲ. ಸೀಟು, ಡೋರ್ ಪ್ಯಾಡ್, ಡ್ಯಾಶ್‌ಬೋರ್ಡ್, ಸೂರಿನ ಬಟ್ಟೆ, ಕಾರ್ಪೆಟ್, ಸೀಟ್ ಬೆಲ್ಟ್ ಎಲ್ಲವೂ ಒಂದಕ್ಕೊಂದು ಹೊಂದಿಸಿದ ಬಣ್ಣದವು. ಒಂದನ್ನು ಬದಲಿಸಿದರೆ ಉಳಿದದ್ದೆಲ್ಲ ಅಪಸ್ವರ. ಅಪಾಯವೂ ಇದೆ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಆ ಭಾಗದ ಹೊಲಿಗೆಯನ್ನು ಏರ್‌ಬ್ಯಾಗ್ ಉಬ್ಬಿದಾಗ ಹರಿಯಲೆಂದೇ ಬೇರೆ ದಾರದಲ್ಲಿ, ಬೇರೆ ಅಳತೆಯಲ್ಲಿ ಹಾಕಿರುತ್ತಾರೆ. ಹೊರಗೆ ಲೆದರ್ ಬದಲಾಯಿಸುವವರು ಅಲ್ಲಿ ಮಾಮೂಲಿ ಗಟ್ಟಿ ದಾರ ಹಾಕಿದರೆ ಏರ್‌ಬ್ಯಾಗ್ ಸಮಯಕ್ಕೆ ಸರಿಯಾಗಿ ಹೊರಬರುವುದಿಲ್ಲ. ಹಾಗಾಗಿ ಕಾರ್ಖಾನೆಯಿಂದ ಬಂದ ಒಳಬಣ್ಣವೇ ಕೊನೆಯತನಕ ಎಂದು ತಿಳಿದೇ ಆರಿಸಬೇಕು. ಓಡಿಸುವಾಗ ಕಣ್ಣಿಗೆ ಬೀಳುವುದೂ ಅದೇ ತಾನೆ.

ಒಳಬಣ್ಣದಲ್ಲಿ ಎಲ್ಲಕ್ಕಿಂತ ಮುಖ್ಯ ಡ್ಯಾಶ್‌ಬೋರ್ಡಿನ ಮೇಲ್ಭಾಗ. ಸ್ಪೋರ್ಟ್ಸ್ ಕಾರಿನ ಮುಂಗಾಜು ಮಾಮೂಲಿ ಕಾರಿನದಕ್ಕಿಂತ ಹೆಚ್ಚು ಹಿಂದಕ್ಕೆ ಮಲಗಿರುತ್ತದೆ. ಗಾಜು ಮಲಗಿದಷ್ಟೂ ಡ್ಯಾಶ್‌ಬೋರ್ಡಿನ ಪ್ರತಿಬಿಂಬ ಅದರಲ್ಲಿ ಹೆಚ್ಚು ಕಾಣಿಸುತ್ತದೆ. ಡ್ಯಾಶ್ ಮೇಲ್ಭಾಗ ಬೀಜ್, ಕ್ರೀಮ್, ತಿಳಿ ಬೂದು ಅಥವಾ ಕೆಂಪು ಆಗಿದ್ದರೆ ನಡುಹಗಲಿನಲ್ಲಿ ಮುಂಗಾಜಿನ ಮೇಲೆ ತೆಳು ಮಂಜಿನ ಪರದೆ ಎಳೆದಂತಾಗುತ್ತದೆ. ಮರದ ನೆರಳಿನಲ್ಲಿ ನಿಂತ ಬೈಕು, ರಸ್ತೆಯ ಗುಂಡಿ, ಬಣ್ಣವಿಲ್ಲದ ಹಂಪು ಆ ಪರದೆಯ ಹಿಂದೆ ಅಡಗಿಬಿಡುತ್ತವೆ. ಇದನ್ನು ಪರೀಕ್ಷಿಸಲು ಸುಲಭದ ದಾರಿ ಇದೆ. ಟೆಸ್ಟ್ ಡ್ರೈವ್‌ಗೆ ಹನ್ನೊಂದರಿಂದ ಎರಡು ಗಂಟೆಯೊಳಗೆ ಹೋಗಿ. ನೀವು ಆರಿಸಬೇಕೆಂದಿರುವ ಬಣ್ಣಕ್ಕೆ ಹತ್ತಿರದ ಬಟ್ಟೆಯೊಂದನ್ನು ಜೊತೆಗೆ ಒಯ್ಯಿರಿ. ಕಾರು ನಿಲ್ಲಿಸಿದ್ದಾಗ ಡ್ಯಾಶ್ ಮೇಲೆ ಅರ್ಧ ಭಾಗಕ್ಕೆ ಅದನ್ನು ಸುಕ್ಕಿಲ್ಲದಂತೆ ಹಾಸಿ, ಸೂರ್ಯ ಎದುರಿಗೆ ಬರುವಂತೆ ಕಾರು ತಿರುಗಿಸಿಕೊಂಡು ಗಾಜಿನ ಆಚೆಯ ನೆರಳಿನ ಜಾಗವನ್ನು ದಿಟ್ಟಿಸಿ. ಬಟ್ಟೆ ಇರುವ ಭಾಗಕ್ಕೂ ಇಲ್ಲದ ಭಾಗಕ್ಕೂ ವ್ಯತ್ಯಾಸ ಎಷ್ಟೆಂದು ತಕ್ಷಣ ಕಾಣುತ್ತದೆ. ಪೋಲರೈಸ್ಡ್ ಕನ್ನಡಕ ಈ ಪ್ರತಿಬಿಂಬವನ್ನು ಕಡಿಮೆ ಮಾಡುತ್ತದೆ, ಆದ್ದರಿಂದ ಪರೀಕ್ಷೆಯ ಹೊತ್ತಿನಲ್ಲಿ ಅದನ್ನು ತೆಗೆದಿಡಿ. ಡ್ಯಾಶ್ ಮೇಲ್ಭಾಗ ಕಪ್ಪು ಅಥವಾ ಗಾಢ ಬೂದು, ಹೊಳಪಿಲ್ಲದ ಮೇಲ್ಮೈ, ಅಲ್ಲಿ ಎದ್ದು ಕಾಣುವ ಬಿಳಿ ಹೊಲಿಗೆ ಬೇಡ. ಇದರಲ್ಲಿ ನಾನು ರಾಜಿಗೆ ಒಪ್ಪುವುದಿಲ್ಲ. ತಿಳಿ ಬಣ್ಣದ ಆಸೆ ಇದ್ದರೆ ಎರಡು ಬಣ್ಣದ ಒಳಾಂಗಣ ಆರಿಸಿ. ಅದರಲ್ಲಿ ಸಾಮಾನ್ಯವಾಗಿ ಗಾಢ ಬಣ್ಣ ಮೇಲಕ್ಕೆ, ತಿಳಿ ಬಣ್ಣ ಸೊಂಟದ ಮಟ್ಟದ ಕೆಳಗೆ ಇರುತ್ತದೆ.

ಇನ್ನು ಬಿಸಿ. ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದವರು ಒಂದು ಕಪ್ಪು, ಒಂದು ಬೆಳ್ಳಿ ಬಣ್ಣದ ಹೋಂಡಾ ಸಿವಿಕ್ ಕಾರುಗಳನ್ನು ಕ್ಯಾಲಿಫೋರ್ನಿಯಾದ ಬಿಸಿಲಿನಲ್ಲಿ ಅಕ್ಕಪಕ್ಕ ನಿಲ್ಲಿಸಿ ಅಳೆದು 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೆಳ್ಳಿ ಕಾರಿನ ಸೂರು 25 ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗಿತ್ತು, ಆದರೆ ಒಳಗಿನ ಗಾಳಿಯಲ್ಲಿ ವ್ಯತ್ಯಾಸ ಇದ್ದದ್ದು 5-6 ಡಿಗ್ರಿ ಮಾತ್ರ. ಒಳಗಿನ ಶಾಖದ ದೊಡ್ಡ ಪಾಲು ಗಾಜಿನ ಮೂಲಕ ಬರುವುದರಿಂದ ಹೀಗೆ. ಸ್ಪೋರ್ಟ್ಸ್ ಕಾರಿನಲ್ಲಿ ಕ್ಯಾಬಿನ್ ಚಿಕ್ಕದು, ಮಲಗಿದ ಗಾಜು ದೊಡ್ಡದು. ಮುಂದಿನ, ಹಿಂದಿನ ಗಾಜಿನಲ್ಲಿ ಕನಿಷ್ಠ 70 ಶೇಕಡ, ಪಕ್ಕದ ಗಾಜಿನಲ್ಲಿ ಕನಿಷ್ಠ 50 ಶೇಕಡ ಬೆಳಕು ಹಾಯಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಕಪ್ಪು ಫಿಲ್ಮ್ ಹಾಕಿಸಿ ಬಿಸಿಲು ತಡೆಯುತ್ತೇನೆ ಎನ್ನುವಂತಿಲ್ಲ. ಹಾಗಾಗಿ ಕಲಬುರಗಿ, ರಾಯಚೂರು, ಬಳ್ಳಾರಿಯ ಕಡೆಯವರು ತಲೆ ಕೆಡಿಸಿಕೊಳ್ಳಬೇಕಾದದ್ದು ಹೊರಗೆ ಕಪ್ಪೋ ಬಿಳಿಯೋ ಎಂಬುದಕ್ಕಿಂತ ಸೀಟು ಕಪ್ಪೋ ತಿಳಿಯೋ ಎಂಬುದಕ್ಕೆ. ನೇರ ಬಿಸಿಲು ಬಿದ್ದ ಕಪ್ಪು ಲೆದರ್ ಸೀಟಿನ ಮೇಲೆ ತಟ್ಟನೆ ಕೂರಲಾಗುವುದಿಲ್ಲ. ಬೆಂಗಳೂರು, ಮೈಸೂರಿನಲ್ಲಿ ನೆಲಮಾಳಿಗೆಯ ಪಾರ್ಕಿಂಗ್ ಇದ್ದವರಿಗೆ ಈ ಚಿಂತೆ ಕಡಿಮೆ.

ತಿಳಿ ಸೀಟಿಗೂ ಶತ್ರುಗಳಿದ್ದಾರೆ, ಮೊದಲನೆಯದು ಜೀನ್ಸ್. ಹೊಸ ಗಾಢ ನೀಲಿ ಜೀನ್ಸ್ ಬೆವರಿನಲ್ಲಿ ನೆನೆದು ಉಜ್ಜಿದಾಗ ಅದರ ನೀಲಿ ಬಣ್ಣ ಕ್ರೀಮ್ ಲೆದರ್‌ಗೆ ಇಳಿಯುತ್ತದೆ. ಕೂಡಲೇ ಒರೆಸಿದರೆ ಹೋಗುತ್ತದೆ, ವಾರಗಟ್ಟಲೆ ಬಿಟ್ಟರೆ ಲೆದರ್ ಮೇಲಿನ ಫಿನಿಷ್ ಪದರದೊಳಗೆ ಸೇರಿಕೊಂಡು ಕೂರುತ್ತದೆ. ಎರಡನೆಯದು ಸವೆತ. ಈ ಕಾರುಗಳು ತಗ್ಗು. ಹತ್ತುವಾಗ ಇಳಿಯುವಾಗ ಚಾಲಕನ ತೊಡೆ ಸೀಟಿನ ಬಾಗಿಲ ಕಡೆಯ ಎತ್ತರದ ಅಂಚಿನ ಮೇಲೆ ಪ್ರತಿ ಸಲವೂ ಉಜ್ಜುತ್ತದೆ. ಹಳೆಯ ಕಾರು ನೋಡಲು ಹೋದವರು ಮೊದಲು ಕಣ್ಣು ಹಾಯಿಸುವುದೇ ಅಲ್ಲಿಗೆ. ತಿಳಿ ಬಣ್ಣದಲ್ಲಿ ಆ ಅಂಚು ಬೇಗ ಕೊಳಕಾಗಿ ಕಾಣುತ್ತದೆ, ಗೆರೆಗಳೂ ಎದ್ದು ಕಾಣುತ್ತವೆ. ಸೀಟಿನ ನಡುಭಾಗ ತಿಳಿ, ಎರಡು ಬದಿಯ ಅಂಚು ಗಾಢ ಇರುವ ಜೋಡಣೆ ಸಿಕ್ಕರೆ ಅದೇ ಒಳ್ಳೆಯದು. ಅದು ಇಲ್ಲದಿದ್ದರೆ ಕಂದು. ಗಾಢ ಕಂದು ನಮ್ಮ ಕೆಂಪು ಮಣ್ಣಿನ ಧೂಳನ್ನೂ ಜೀನ್ಸಿನ ನೀಲಿಯನ್ನೂ ನುಂಗಿಕೊಳ್ಳುತ್ತದೆ, ಕಪ್ಪಿನಷ್ಟು ಮಂಕಾಗಿಯೂ ಇರುವುದಿಲ್ಲ. ಪೋರ್ಷೆಯ ಟ್ರಫಲ್ ಬ್ರೌನ್ ಈ ಜಾತಿಯದು. ಕಪ್ಪು ಜೊತೆ ಬೋರ್ಡೊ ಕೆಂಪು, ಅಂದರೆ ವೈನಿನಂಥ ಗಾಢ ಕೆಂಪು ಕೂಡ ನಮ್ಮಲ್ಲಿ ಚೆನ್ನಾಗಿ ಬಾಳುವ ಜೋಡಿ.

ಸಣ್ಣ ತೂತುಗಳಿರುವ ಲೆದರ್ ಸೀಟಿಗೆ ಕ್ರೀಮು, ಕಂಡೀಷನರ್ ನೇರವಾಗಿ ಸುರಿಯಬಾರದು. ಅದು ತೂತಿನೊಳಗೆ ಬಿಳಿಯಾಗಿ ಒಣಗುತ್ತದೆ, ಗಾಢ ಸೀಟಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ, ಗಾಳಿ ಬರುವ ಸೀಟಾದರೆ ಗಾಳಿಯೂ ಕಟ್ಟುತ್ತದೆ. ಬಟ್ಟೆಗೆ ಸ್ವಲ್ಪ ಹಚ್ಚಿಕೊಂಡು ಒರೆಸಬೇಕು, ಅಷ್ಟೆ. ಬಿಳಿ ಹೊಲಿಗೆ ಒಂದೆರಡು ವರ್ಷದಲ್ಲಿ ಬೂದು ಬಣ್ಣಕ್ಕೆ ತಿರುಗುತ್ತದೆ, ಆದ್ದರಿಂದ ಮೊದಲೇ ಬೂದು ಅಥವಾ ಕೆಂಪು ದಾರ ಕೇಳಿ. ಹಳದಿ ಸೀಟ್ ಬೆಲ್ಟ್ ಫೋಟೊದಲ್ಲಿ ಚೆಂದ, ಭುಜದ ಜಾಗದಲ್ಲಿ ಕೊಳೆ ಬೇಗ ಕೂರುತ್ತದೆ. ಹೊಳೆಯುವ ಪಿಯಾನೊ ಕಪ್ಪು ಪಟ್ಟಿಗಳ ಮೇಲೆ ಧೂಳು ಒರೆಸಿದ ಗೆರೆಗಳು ಮೊದಲ ತಿಂಗಳಲ್ಲೇ ಕಾಣುತ್ತವೆ.

ಅಲ್ಕಾಂಟಾರಾ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಇದು ಪಾಲಿಯೆಸ್ಟರ್ ಎಳೆ ಮತ್ತು ಪಾಲಿಯುರೆಥೇನ್ ಸೇರಿಸಿ ಇಟಲಿಯಲ್ಲಿ ತಯಾರಿಸುವ ಬಟ್ಟೆ, ಚರ್ಮವಲ್ಲ. ಸೀಟಿನ ನಡುವೆ ಇದ್ದರೆ ಲೆದರ್‌ನಷ್ಟು ಕಾಯುವುದಿಲ್ಲ, ತಿರುವಿನಲ್ಲಿ ಮೈ ಜಾರದಂತೆ ಹಿಡಿಯುತ್ತದೆ. ನಮ್ಮ ಸೆಕೆಗೆ ಅಲ್ಲಿ ಅದು ಸರಿಯೇ. ಸ್ಟೇರಿಂಗ್ ಮೇಲೆ ಮಾತ್ರ ಬೇಡ. ಕೈಯ ಬೆವರು, ಎಣ್ಣೆ ಸೇರಿ ಎಳೆಗಳು ಒಂದಕ್ಕೊಂದು ಅಂಟಿ, ಹಿಡಿಯುವ ಜಾಗ ಮಿರಮಿರ ಮಿಂಚುತ್ತದೆ. ಹಾಗಾದಾಗ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಿಳಿ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಮೆತ್ತನೆಯ ಬ್ರಷ್‌ನಿಂದ ಎಳೆ ಎಬ್ಬಿಸಬೇಕು. ಮಂಗಳೂರು, ಉಡುಪಿ, ಕಾರವಾರ, ಮಲೆನಾಡಿನವರು ಇನ್ನೊಂದು ವಿಷಯ ಗಮನಿಸಬೇಕು. ಮಳೆಗಾಲದಲ್ಲಿ ವಾರಗಟ್ಟಲೆ ಮುಚ್ಚಿಟ್ಟ ಕಾರಿನಲ್ಲಿ ಬೂಷ್ಟು ಮೊದಲು ಹಿಡಿಯುವುದು ಕೈಬೆವರು ತಾಗಿದ ಸ್ಟೇರಿಂಗು, ಗೇರ್ ನಾಬು, ಸೀಟಿನ ಅಂಚಿಗೆ. ಕಪ್ಪಿನ ಮೇಲೆ ಅದು ಬೂದಿ ಚೆಲ್ಲಿದಂತೆ ಕೂಡಲೇ ಕಾಣುತ್ತದೆ, ಒರೆಸಬಹುದು. ಬೀಜ್ ಮೇಲೆ ಕಾಣುವುದೇ ಇಲ್ಲ. ವಾಸನೆ ಬಂದ ಮೇಲೆ ಗೊತ್ತಾಗುತ್ತದೆ, ಅಷ್ಟರಲ್ಲಿ ಕಲೆ ಉಳಿದಿರುತ್ತದೆ. ಆ ಕಡೆಯವರಿಗೆ ಗಾಢ ಒಳಬಣ್ಣವೇ ಕ್ಷೇಮ.

ಈಗ ಹೊರಗೆ ಬರೋಣ. ಕಾರ್ಖಾನೆಯ ಪೇಂಟ್ ಎಂದರೆ ನಾಲ್ಕು ಪದರ. ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸಿ ಕೂರಿಸುವ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ ಕೊಡುವ ಬೇಸ್ ಕೋಟ್, ಕೊನೆಗೆ ಪಾರದರ್ಶಕ ಕ್ಲಿಯರ್ ಕೋಟ್. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ಬಿಸಿಲಿನ ಅತಿನೇರಳೆ ಕಿರಣ ತಡೆಯುವುದು, ಹೊಳಪು ಕೊಡುವುದು ಕ್ಲಿಯರ್ ಕೋಟ್. ಅದರ ದಪ್ಪ 40-50 ಮೈಕ್ರಾನ್, ತಲೆಗೂದಲಿನ ಎಳೆಗಿಂತ ತೆಳು. ಮಷಿನ್ ಪಾಲಿಷ್ ಮಾಡಿದಾಗೆಲ್ಲ ಇದರಲ್ಲಿ ಒಂದೆರಡು ಮೈಕ್ರಾನ್ ಸವೆಯುತ್ತದೆ, ಗೀರು ತೆಗೆಯಲು ಜೋರಾಗಿ ಉಜ್ಜುವ ಕಟಿಂಗ್ ಮಾಡಿದರೆ ಇನ್ನೂ ಹೆಚ್ಚು. ಅಂದರೆ ಪಾಲಿಷ್ ಮಾಡಿಸುವ ಅವಕಾಶ ಎಣಿಸಿಟ್ಟಷ್ಟೇ ಇದೆ. ಯಾವ ಬಣ್ಣಕ್ಕೆ ಪದೇ ಪದೇ ಪಾಲಿಷ್ ಬೇಕಾಗುತ್ತದೋ ಆ ಬಣ್ಣದ ಆಯಸ್ಸು ಬೇಗ ಮುಗಿಯುತ್ತದೆ. ಬಣ್ಣದ ಆಯ್ಕೆಗೂ ಆಯಸ್ಸಿಗೂ ಇರುವ ಸಂಬಂಧ ಇದೇ.

ಗೆರೆ ಎಲ್ಲಿಂದ ಬರುತ್ತದೆ? ರಸ್ತೆಯಿಂದಲ್ಲ, ಬಟ್ಟೆಯಿಂದ. ಅಪಾರ್ಟ್‌ಮೆಂಟುಗಳಲ್ಲಿ ಬೆಳಗಿನ ಹೊತ್ತು ಒಂದೇ ಬಕೆಟ್ ನೀರು, ಒಂದೇ ಬಟ್ಟೆಯಲ್ಲಿ ಸಾಲು ಕಾರುಗಳನ್ನು ಒರೆಸುವುದನ್ನು ನೋಡಿ. ನಮ್ಮ ಧೂಳಿನಲ್ಲಿ ಮರಳಿನ ಕಣ ಇದೆ, ಅದು ಕ್ಲಿಯರ್ ಕೋಟ್‌ಗಿಂತ ಗಟ್ಟಿ. ಬಟ್ಟೆಯ ಮಡಿಕೆಯಲ್ಲಿ ಸಿಕ್ಕಿಕೊಂಡ ಆ ಕಣ ಕೈ ಹೋದ ದಾರಿಯಲ್ಲೆಲ್ಲ ಕೂದಲೆಳೆಯಂಥ ಗೀರು ಬರೆಯುತ್ತ ಹೋಗುತ್ತದೆ. ನೆರಳಿನಲ್ಲಿ ಏನೂ ಕಾಣುವುದಿಲ್ಲ. ಕಾರು ಬಿಸಿಲಿಗೆ ಬಂದ ಕೂಡಲೇ ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆಯ ಹಾಗೆ ಸುತ್ತು ಸುತ್ತು ಗೆರೆಗಳು ಏಳುತ್ತವೆ. ಮೆಟಾಲಿಕ್ ಅಲ್ಲದ, ಅಂದರೆ ಲೋಹದ ಚೂರು ಬೆರೆಸದ ಅಚ್ಚ ಕಪ್ಪಿನಲ್ಲಿ ಇದು ಕಣ್ಣಿಗೆ ಹೊಡೆಯುತ್ತದೆ, ಬಿಳಿಯಲ್ಲಿ ಹುಡುಕಬೇಕಾಗುತ್ತದೆ. ಅಚ್ಚ ಕಪ್ಪು ಬೇಕೇ ಬೇಕು ಎನ್ನುವವರು ಕಾರನ್ನು ಬೇರೆಯವರ ಕೈಗೆ ಒರೆಸಲು ಕೊಡುವಂತಿಲ್ಲ. ಮೊದಲು ನೀರು ಹಾಯಿಸಿ ಧೂಳು ಇಳಿಸಬೇಕು. ಸೋಪಿನ ನೀರಿಗೊಂದು, ಬಟ್ಟೆ ಜಾಲಾಡಲು ಇನ್ನೊಂದು ಎಂದು ಎರಡು ಬಕೆಟ್ ಇಡಬೇಕು. ಮೇಲಿನಿಂದ ಕೆಳಕ್ಕೆ ತೊಳೆಯಬೇಕು, ಚಕ್ರಕ್ಕೆ ಬೇರೆಯದೇ ಬಟ್ಟೆ.

ಕಪ್ಪಿನ ಇನ್ನೊಂದು ಶತ್ರು ಬೋರ್‌ವೆಲ್ ನೀರು. ಬಿಸಿಲಿನಲ್ಲಿ ತೊಳೆದು ಹಾಗೇ ಬಿಟ್ಟರೆ ಪ್ರತಿ ಹನಿಯೂ ಒಣಗಿದಲ್ಲಿ ಸುಣ್ಣದ ಉಂಗುರ ಬಿಡುತ್ತದೆ. ಕಾದ ಬಾನೆಟ್ ಮೇಲೆ ಅದು ಬೇಗ ಕಚ್ಚಿಕೊಳ್ಳುತ್ತದೆ. ಹೊಂಗೆ, ಮಳೆಮರಗಳ ಕೆಳಗೆ ನಿಲ್ಲಿಸಿದರೆ ಜಿಗುಟು, ಹಕ್ಕಿ ಹಿಕ್ಕೆ. ಹಿಕ್ಕೆಯನ್ನು ಕಾದ ಕಪ್ಪು ಪೇಂಟಿನ ಮೇಲೆ ಒಂದು ಮಧ್ಯಾಹ್ನ ಬಿಟ್ಟರೂ ಸಾಕು, ಕ್ಲಿಯರ್ ಕೋಟ್‌ನಲ್ಲಿ ಅದರ ಅಚ್ಚು ಉಳಿಯುತ್ತದೆ.

ಬಿಳಿಗೆ ಗೆರೆಯ ಚಿಂತೆ ಇಲ್ಲ, ಬಿಸಿಲೂ ತಾಗದು. ಅದರ ತೊಂದರೆ ಕಿತ್ತಳೆ ಬಣ್ಣದ ಸಣ್ಣ ಸಣ್ಣ ಚುಕ್ಕೆಗಳು. ಬ್ರೇಕ್ ಪ್ಯಾಡಿನ ಪುಡಿ, ಕಟ್ಟಡ ಕೆಲಸದಲ್ಲಿ ಕಬ್ಬಿಣ ಕತ್ತರಿಸುವಾಗ ಹಾರುವ ಕಿಡಿಯ ಪುಡಿ ಪೇಂಟಿನಲ್ಲಿ ನೆಟ್ಟು ತುಕ್ಕು ಹಿಡಿದಾಗ ಹೀಗಾಗುತ್ತದೆ. ಉಜ್ಜಬಾರದು. ಕಬ್ಬಿಣ ಕರಗಿಸುವ ದ್ರಾವಣ ಸಿಂಪಡಿಸಿ, ಅದು ನೇರಳೆ ಬಣ್ಣಕ್ಕೆ ತಿರುಗಿದ ಮೇಲೆ ಒಣಗಲು ಬಿಡದೆ ತೊಳೆದುಬಿಡಬೇಕು. ಬಿಳಿಯ ನಿಜವಾದ ಕೊರತೆ ಬೇರೆ: ಕಡು ಬಿಸಿಲಿನಲ್ಲಿ ಅದು ಕಾರಿನ ಮೈಯ ಏರಿಳಿತವನ್ನೆಲ್ಲ ಸಮತಟ್ಟು ಮಾಡಿ ತೋರಿಸುತ್ತದೆ. ಪೋರ್ಷೆ 911 ಕಾರಿನ ಹಿಂದಿನ ಚಕ್ರದ ಮೇಲಿನ ಉಬ್ಬು, ಆ ಕಾರಿನ ಅಂದವೇ ಅದು, ಬಿಳಿಯಲ್ಲಿ ಅರ್ಧ ಮಾಯವಾಗುತ್ತದೆ. ಅದನ್ನು ಪೂರ್ತಿ ತೋರಿಸುವುದು ಬೆಳ್ಳಿ. ಉಬ್ಬಿನ ನೆತ್ತಿಯಲ್ಲಿ ಬೆಳಗುತ್ತ, ಬದಿಗೆ ಹೋದಂತೆ ಕಪ್ಪಾಗುತ್ತ ಬೆಳಕನ್ನು ಜಾರಿಸುತ್ತದೆ. ಧೂಳು, ಗೆರೆ, ನೀರಿನ ಕಲೆ ಯಾವುದೂ ಅದರ ಮೇಲೆ ಬೇಗ ಕಾಣುವುದಿಲ್ಲ. ಲ್ಯಾಂಬೊರ್ಗಿನಿಯಂಥ ಚೂಪು ಅಂಚಿನ ಕಾರಿಗೆ ಇದು ಬೇಕಾಗಿಲ್ಲ. ಅದಕ್ಕೆ ಕಿತ್ತಳೆ, ಹಸಿರು, ಹಳದಿ ಹಾಕಿದರೆ ಕಪ್ಪು ಗಾಳಿಕಿಂಡಿಗಳೇ ಗೆರೆ ಎಳೆದು ಆಕಾರ ತೋರಿಸುತ್ತವೆ.

ಕೆಂಪು ಮಸುಕಾಗುತ್ತದೆ ಎಂಬ ಮಾತು ಕ್ಲಿಯರ್ ಕೋಟ್ ಇಲ್ಲದ ಹಳೆಯ ಕಾಲದ ಪೇಂಟಿಗೆ ಸೇರಿದ್ದು. ಅಂಥ ಕಾರಿನ ಬಾನೆಟ್ ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ, ಪಾಲಿಷ್ ಮಾಡಿದರೆ ಬಟ್ಟೆಯೇ ಕೆಂಪಾಗುತ್ತದೆ. ಈಗಿನ ಕೆಂಪು ಅಷ್ಟು ದುರ್ಬಲವಲ್ಲ, ಕ್ಲಿಯರ್ ಕೋಟ್ ಉಳಿದಿರುವ ತನಕ ಬಾಳುತ್ತದೆ. ಹಳದಿ ಸೊಗಸಾದ ಬಣ್ಣ, ಸಂಜೆ ಮಬ್ಬಿನಲ್ಲೂ ದೂರಕ್ಕೆ ಕಾಣುತ್ತದೆ. ಹೊಲದಲ್ಲಿ ಕೀಟ ಹಿಡಿಯಲು ಹಳದಿ ಅಂಟುಹಾಳೆ ಕಟ್ಟುವ ರೈತರಿಗೆ ಇದರ ತೊಂದರೆ ಏನೆಂದು ಹೇಳಬೇಕಾಗಿಲ್ಲ. ಸಂಜೆ ಕೆರೆ, ಗದ್ದೆ ಪಕ್ಕದ ರಸ್ತೆಯಲ್ಲಿ ಹೋಗಿ ಬಂದರೆ ಮೂತಿಯ ತುಂಬ ಹುಳುಗಳು. ಅದೇ ರಾತ್ರಿ ನೆನೆಸಿ ತೆಗೆಯಬೇಕು.

ಅಪಘಾತವಾದ ಮೇಲೆ ಏನು ಎಂಬುದನ್ನು ಶೋರೂಮಿನಲ್ಲಿ ಯಾರೂ ಕೇಳುವುದಿಲ್ಲ. ಒಂದೇ ಒಂದು ಬಂಪರ್ ಗೀರಿದರೂ ಇದು ಮುಖ್ಯವಾಗುತ್ತದೆ. ಸಾಲಿಡ್ (ಮೆಟಾಲಿಕ್ ಅಲ್ಲದ) ಬಣ್ಣವಾದರೆ ಪೇಂಟ್ ಕೋಡ್ ನೋಡಿ, ಸರಿಯಾದ ಬೂದು ಛಾಯೆಯ ಪ್ರೈಮರ್ ಮೇಲೆ ಹೊಡೆದರೆ ಕೆಲಸ ಮುಗಿಯಿತು. ಹಳದಿ, ಕೆಂಪು ಬಣ್ಣಗಳು ಕೆಳಗಿನದನ್ನು ಪೂರ್ತಿ ಮುಚ್ಚುವುದಿಲ್ಲ, ಆದ್ದರಿಂದ ಅವಕ್ಕೆ ಈ ಪ್ರೈಮರ್ ಛಾಯೆ ತಪ್ಪಿದರೆ ಎಷ್ಟು ಕೋಟ್ ಹೊಡೆದರೂ ಶೇಡ್ ಕೂಡುವುದಿಲ್ಲ. ಮೆಟಾಲಿಕ್‌ನದು ಬೇರೆಯೇ ಕಥೆ. ಅದರಲ್ಲಿರುವ ಅಲ್ಯೂಮಿನಿಯಂ ಚೂರುಗಳು ಹೇಗೆ ಮಲಗಿವೆ ಎಂಬುದರ ಮೇಲೆ ಬಣ್ಣ ನಿಂತಿದೆ. ಸ್ಪ್ರೇ ಗನ್ ಹತ್ತಿರ ಹಿಡಿದು ಒದ್ದೆಯಾಗಿ ಹೊಡೆದರೆ ಚೂರುಗಳು ಕೆಳಗೆ ಮುಳುಗಿ ಬಣ್ಣ ಕಪ್ಪಾಗುತ್ತದೆ. ದೂರದಿಂದ ಒಣಗಿದಂತೆ ಹೊಡೆದರೆ ಮೇಲೇ ನಿಂತು ಬೆಳ್ಳಗಾಗುತ್ತದೆ. ಗನ್ ಒತ್ತಡ, 15-20 ಸೆಂ.ಮೀ. ಅಂತರ, ಕೋಟ್‌ಗಳ ನಡುವಿನ ಬಿಡುವು, ಆ ದಿನದ ಸೆಕೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕಾರ್ಖಾನೆಯಲ್ಲಿ ರೋಬೋಟ್ ಹೊಡೆದು 140 ಡಿಗ್ರಿಯ ಆಸುಪಾಸಿನಲ್ಲಿ ಬೇಯಿಸಿದ್ದನ್ನು ನಮ್ಮ ಬೂತ್‌ನಲ್ಲಿ ಕೈಯಿಂದ ಹೊಡೆದು 60 ಡಿಗ್ರಿಯಲ್ಲಿ ಅರ್ಧ ಗಂಟೆ ಒಣಗಿಸಿ ಹೊಂದಿಸಬೇಕು. ಅದಕ್ಕೇ ಒಳ್ಳೆಯ ಪೇಂಟರ್ ಕಾರಿಗೆ ಮುಂಚೆ ಒಂದು ತಗಡಿನ ಕಾರ್ಡಿಗೆ ಹೊಡೆದು, ಕ್ಲಿಯರ್ ಹಾಕಿ ಒಣಗಿಸಿ, ಬಿಸಿಲಿನಲ್ಲಿ ಕಾರಿನ ಪಕ್ಕ ಹಿಡಿದು ಎದುರಿನಿಂದಲೂ ಓರೆಯಿಂದಲೂ ನೋಡುತ್ತಾನೆ. ಎದುರಿನಿಂದ ಕೂಡಿ ಓರೆಯಲ್ಲಿ ಕೂಡದ ಶೇಡ್ ಕೂಡಿದ ಲೆಕ್ಕವಲ್ಲ. ಆಮೇಲೂ ಪಕ್ಕದ ಡೋರಿನ ತನಕ ಬಣ್ಣವನ್ನು ತೆಳುವಾಗಿ ಎಳೆದು ಬೆರೆಸಬೇಕಾಗುತ್ತದೆ. ಅಂದರೆ ಫೆಂಡರ್ (ಮುಂಚಕ್ರದ ಮೇಲಿನ ತಗಡು) ಗೀರಿದರೆ ಡೋರಿಗೂ ಕೈ ಹಾಕಬೇಕು.

ಮೂರು ಕೋಟ್‌ನ (ಮೂರು ಪದರದ) ಪರ್ಲ್, ಕ್ಯಾಂಡಿ ಬಣ್ಣ ಇದಕ್ಕಿಂತ ಕಷ್ಟ. ಕೆಳಗೊಂದು ಗಟ್ಟಿ ಬಣ್ಣ, ಅದರ ಮೇಲೆ ಅರೆಪಾರದರ್ಶಕ ಪದರ, ಆಮೇಲೆ ಕ್ಲಿಯರ್. ಜಪಾನಿನ ಮಜ್ದಾ ಕಾರು ಕಂಪನಿಯ ಸೋಲ್ ರೆಡ್ ಕ್ರಿಸ್ಟಲ್ ಈ ಬಗೆಯ ಕೆಂಪಿಗೆ ಹೆಸರಾದದ್ದು. ನಡುವಿನ ಪದರ ಒಂದು ಕೋಟ್ ಹೆಚ್ಚಾದರೂ ಛಾಯೆ ಬದಲು. ಒಂದು, ಎರಡು, ಮೂರು, ನಾಲ್ಕು ಕೋಟ್ ಹೊಡೆದ ಮೆಟ್ಟಿಲು ಮೆಟ್ಟಿಲಾದ ಮಾದರಿ ತಗಡು ಮಾಡಿಕೊಂಡು, ಯಾವ ಮೆಟ್ಟಿಲು ಕಾರಿಗೆ ಕೂಡುತ್ತದೆಂದು ನೋಡಿ, ಅಷ್ಟೇ ಕೋಟ್ ಹೊಡೆಯಬೇಕು. ಇದನ್ನು ತಾಳ್ಮೆಯಿಂದ ಮಾಡುವ ಶೆಡ್‌ಗಳು ಬೆಂಗಳೂರಿನಲ್ಲೂ ಬಹಳ ಇಲ್ಲ. ನಿಮ್ಮ ಊರಿನಿಂದ ಅಂಥ ಶೆಡ್ ಎಷ್ಟು ದೂರ ಎಂದು ತಿಳಿದುಕೊಂಡೇ ಪರ್ಲ್ ಬಣ್ಣಕ್ಕೆ ಕೈ ಹಾಕಿ. ಇನ್ನೊಂದು ಮಾತು: ಬಂಪರ್ ಪ್ಲಾಸ್ಟಿಕ್. ಎಷ್ಟೋ ಕಾರುಗಳಲ್ಲಿ ಅದನ್ನು ಬೇರೆ ಕಡೆ, ಕಡಿಮೆ ಉಷ್ಣದಲ್ಲಿ ಪೇಂಟ್ ಮಾಡಿರುತ್ತಾರೆ. ಮೆಟಾಲಿಕ್ ಕಾರು ಹೊಸದಾಗಿ ಬಂದಾಗಲೇ ಬಂಪರ್ರೂ ಫೆಂಡರ್ರೂ ಓರೆ ಬೆಳಕಿನಲ್ಲಿ ಒಂದಿಷ್ಟು ಬೇರೆ ಕಂಡರೆ ಗಾಬರಿ ಬೇಡ. ಅದು ಅಪಘಾತದ ಗುರುತಾಗಿರಲೇಬೇಕೆಂದಿಲ್ಲ.

ಮ್ಯಾಟ್ ಪೇಂಟ್ ಬೇಡ. ಅದನ್ನು ಪಾಲಿಷ್ ಮಾಡಲು ಬರುವುದಿಲ್ಲ, ಉಜ್ಜಿದ ಕಡೆ ಹೊಳಪು ಬಂದು ಕಲೆಯಾಗುತ್ತದೆ. ಒಂದು ಗೀರಿಗೆ ಇಡೀ ಪ್ಯಾನೆಲ್ ಪೇಂಟ್ ಆಗಬೇಕು. ಮ್ಯಾಟ್ ನೋಟವೇ ಬೇಕಿದ್ದರೆ ಹೊಳಪಿನ ಪೇಂಟ್ ತೆಗೆದುಕೊಂಡು ಮೇಲೆ ಮ್ಯಾಟ್ ಪಿಪಿಎಫ್ ಹಾಕಿಸಿ. ಹಾಳಾದ ತುಂಡನ್ನಷ್ಟೇ ಬದಲಿಸಬಹುದು. ಪಿಪಿಎಫ್ 150-200 ಮೈಕ್ರಾನ್ ದಪ್ಪದ, ಟಿಪಿಯು ಎಂಬ ಹಿಗ್ಗುವ ಪ್ಲಾಸ್ಟಿಕ್‌ನದು ಆಗಿರಲಿ. ಅಗ್ಗದ ಪಿವಿಸಿ ಹಾಳೆ ನಮ್ಮ ಬಿಸಿಲಿಗೆ ಹಳದಿಯಾಗಿ, ತೆಗೆಯುವಾಗ ಪುಡಿಪುಡಿಯಾಗುತ್ತದೆ. ಹಿಂದೆ ರೀಪೇಂಟ್ ಆದ ಪ್ಯಾನೆಲ್ ಮೇಲೆ ಹಾಕಿದ್ದರೆ ಕೀಳುವಾಗ ಪೇಂಟನ್ನೂ ಎತ್ತಿಕೊಂಡು ಬರಬಹುದು. ಪೂರ್ತಿ ಕಾರಿಗೆ ಹಾಕಿಸಲು ಹಣ ಸಾಲದಿದ್ದರೆ ಬಂಪರ್, ಬಾನೆಟ್, ಮಿರರ್, ಹಿಂಚಕ್ರದ ಮುಂದಿನ ಉಬ್ಬು, ಇಷ್ಟಕ್ಕೆ ಸಾಕು. ತಗ್ಗು ಮೂತಿಯ ಕಾರಿಗೆ ಹೆದ್ದಾರಿಯಲ್ಲಿ ಜಲ್ಲಿ ಬಡಿಯುವುದು ಅಲ್ಲಿಗೇ.

ಹೊರಗೂ ಒಳಗೂ ಜೋಡಿ ಹೊಂದಿಸುವಾಗ ರೇಸಿನ ಹಳೆಯ ಸಂಪ್ರದಾಯ ಈಗಲೂ ನೆರವಿಗೆ ಬರುತ್ತದೆ. ಕಾರುಗಳ ಮೈಮೇಲೆ ಜಾಹೀರಾತು ಬರುವ ಮುಂಚೆ ಬಣ್ಣ ಎಂದರೆ ದೇಶದ ಗುರುತು: ಇಟಲಿಗೆ ಕೆಂಪು, ಫ್ರಾನ್ಸಿಗೆ ನೀಲಿ, ಬೆಲ್ಜಿಯಂಗೆ ಹಳದಿ, ಜರ್ಮನಿಗೆ ಬಿಳಿ, 1934ರಿಂದ ಬೆಳ್ಳಿ. 1903ರ ಗೋರ್ಡನ್ ಬೆನೆಟ್ ಕಪ್ ಕಾರು ರೇಸ್ ಐರ್ಲೆಂಡಿನಲ್ಲಿ ನಡೆದಾಗ ಆ ನಾಡಿನ ಗೌರವಕ್ಕೆ ಬ್ರಿಟಿಷ್ ಕಾರುಗಳು ಹಸಿರು ಬಳಿದುಕೊಂಡವು, ಆ ಹಸಿರೇ ಅವರಿಗೆ ಉಳಿಯಿತು. ಗಾಢ ಹಸಿರಿಗೆ ಕಂದು ಲೆದರ್, ಕೆಂಪಿಗೆ ಕಪ್ಪು ಅಥವಾ ಕಂದು, ಬೆಳ್ಳಿಗೆ ಬೋರ್ಡೊ ಕೆಂಪು, ಹಳದಿಗೆ ಕಪ್ಪು ಇವೆಲ್ಲ ವರ್ಷಗಟ್ಟಲೆ ನೋಡಿದರೂ ಸಾಕೆನಿಸದ ಜೋಡಿಗಳು. ಹೊರಬಣ್ಣ, ಒಳಬಣ್ಣ, ಒಂದು ಹೊಲಿಗೆ ಬಣ್ಣ, ಅಲ್ಲಿಗೆ ನಿಲ್ಲಿಸಿ. ಬ್ರೇಕ್ ಕ್ಯಾಲಿಪರ್ (ಚಕ್ರದೊಳಗೆ ಬ್ರೇಕ್ ಡಿಸ್ಕ್ ಹಿಡಿಯುವ ಭಾಗ) ಬಣ್ಣವನ್ನು ಇದಕ್ಕೆ ಸೇರಿಸಿಯೇ ಎಣಿಸಬೇಕು. ಪೋರ್ಷೆಯಲ್ಲಿ ಸೆರಾಮಿಕ್ ಬ್ರೇಕ್ ತೆಗೆದುಕೊಂಡರೆ ಕ್ಯಾಲಿಪರ್ ಹಳದಿ ಬರುತ್ತದೆ. ಗಾರ್ಡ್ಸ್ ರೆಡ್ ಎಂಬ ಅಚ್ಚ ಕೆಂಪಿನ ಕಾರಿಗೆ ಅದು ಕಣ್ಣಿಗೆ ಚುಚ್ಚುತ್ತದೆ, ಕಪ್ಪು ಕ್ಯಾಲಿಪರ್ ಆಯ್ಕೆ ಇದೆಯೇ ಎಂದು ಆಗಲೇ ಕೇಳಿ.

ಹಸಿರು ಎಂದಾಗ ಕಾನೂನಿನ ಮಾತೂ ಬರುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 121ನೇ ನಿಯಮದಂತೆ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲು. ರೇಸಿಂಗ್ ಹಸಿರಿಗೆ ಅಡ್ಡಿ ಇಲ್ಲ, ಆದರೆ ಮಿಲಿಟರಿ ಛಾಯೆಯ ಹಸಿರು ವಿನೈಲ್ ಸುತ್ತಿಸುವವರು ಎಚ್ಚರದಿಂದಿರಬೇಕು. ಆರ್‌ಸಿಯಲ್ಲಿ ಬಣ್ಣ ನಮೂದಾಗಿರುತ್ತದೆ. ಕಾರಿನ ಬಣ್ಣ ಬದಲಾದರೆ ಆರ್‌ಟಿಒಗೆ ಅರ್ಜಿ ಕೊಟ್ಟು ಆರ್‌ಸಿಯಲ್ಲೂ ತಿದ್ದಿಸಬೇಕು, ವಿಮೆ ಕಂಪನಿಗೂ ತಿಳಿಸಬೇಕು.

ಬಣ್ಣದ ಮಾದರಿಯನ್ನು ಮೊಬೈಲ್‌ನಲ್ಲಾಗಲಿ ಶೋರೂಮಿನ ದೀಪದ ಕೆಳಗಾಗಲಿ ನೋಡಿ ಮುಗಿಸಬೇಡಿ. ಡೀಲರ್ ಹತ್ತಿರ ಬಾಗಿದ ಮೈಯ ಪೇಂಟ್ ಮಾದರಿಗಳಿರುತ್ತವೆ. ಹೊರಗೆ ತರಲು ಹೇಳಿ. ನಡುಹಗಲ ಬಿಸಿಲು, ಮೋಡ ಅಥವಾ ನೆರಳು, ಸಂಜೆ, ಈ ಮೂರೂ ಬೆಳಕಿನಲ್ಲಿ ನೋಡಿ. ಒಮ್ಮೆ ಬಾನೆಟ್‌ನಂತೆ ಅಡ್ಡ ಹಿಡಿದು, ಒಮ್ಮೆ ಬಾಗಿಲಿನಂತೆ ನೆಟ್ಟಗೆ ಹಿಡಿದು, ಕೈಯಳತೆಯಿಂದಲೂ ಇಪ್ಪತ್ತು-ಮೂವತ್ತು ಅಡಿ ದೂರದಿಂದಲೂ ನೋಡಬೇಕು. ಲೆದರ್ ತುಂಡನ್ನು ಪಕ್ಕದಲ್ಲೇ ಇಟ್ಟುಕೊಂಡಿರಿ. ಶೋರೂಮಿನಲ್ಲಿ ಒಂದೇ ಎನಿಸಿದ ಎರಡು ಬಣ್ಣಗಳು ಬಿಸಿಲಿನಲ್ಲಿ ಬೇರೆಯಾಗುವುದು ಮಾಮೂಲು.

ಕಾರು ಬಂದ ದಿನ, ರಿಜಿಸ್ಟ್ರೇಷನ್ ಆಗುವ ಮೊದಲೇ, ಪೇಂಟ್ ದಪ್ಪ ಅಳೆಯುವ ಮೀಟರ್ ಹಿಡಿದು ಪ್ರತಿ ಪ್ಯಾನೆಲ್ಲಿನ ನಾಲ್ಕೈದು ಕಡೆ ನೋಡಿ. ಹಡಗಿನಲ್ಲಿ, ಲಾರಿಯಲ್ಲಿ ಏರಿಸಿ ಇಳಿಸುವಾಗ ಗೀರಿದ್ದನ್ನು ಇಲ್ಲೇ ಪೇಂಟ್ ಮಾಡಿ ಕೊಡುವ ಸಾಧ್ಯತೆ ಇರುತ್ತದೆ. ಕಾರಿನ ತುಂಬ 100-150 ತೋರಿಸಿದ ಮೀಟರ್ ಒಂದೇ ಪ್ಯಾನೆಲ್‌ನಲ್ಲಿ 250-300 ತೋರಿಸಿದರೆ ಲಿಖಿತ ವಿವರಣೆ ಕೇಳಿ. ಸಾಮಾನ್ಯ ಮೀಟರ್ ಕಬ್ಬಿಣ, ಅಲ್ಯೂಮಿನಿಯಂ ಮೇಲೆ ಮಾತ್ರ ಓದುತ್ತದೆ. ಪ್ಲಾಸ್ಟಿಕ್, ಕಾರ್ಬನ್ ಫೈಬರ್‌ಗೆ ಅಲ್ಟ್ರಾಸಾನಿಕ್ ಮೀಟರೇ ಬೇಕು. ಕಾರಿನ ಸ್ಟಿಕ್ಕರ್ ಮೇಲಿನ ಪೇಂಟ್ ಕೋಡ್ ನಿಮ್ಮ ಆರ್ಡರ್ ಪ್ರತಿಯಲ್ಲಿರುವ ಕೋಡ್‌ಗೆ ತಾಳೆಯಾಗುತ್ತದೆಯೇ ನೋಡಿ, ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಪೇಂಟರ್ ಮೊದಲು ಕೇಳುವುದು ಅದನ್ನೇ.

ಸಂಪಾದಕರಲ್ಲಿ ನನ್ನ ವಿನಂತಿ ಇಷ್ಟು. ತಮ್ಮ ವಾಹನ ಪುಟದ ವಿವರಪಟ್ಟಿಯಲ್ಲಿ ಇನ್ನು ಮುಂದೆ ಮೂರು ಸಾಲು ಸೇರಿಸಿ: ಯಾವ ಬಣ್ಣ ಸಾಲಿಡ್, ಯಾವುದು ಮೆಟಾಲಿಕ್, ಯಾವುದು ಮೂರು ಕೋಟ್‌ನದು; ಡ್ಯಾಶ್ ಮೇಲ್ಭಾಗದ ಬಣ್ಣ ಯಾವುದು, ನಡುಹಗಲಿನಲ್ಲಿ ಅದರ ಪ್ರತಿಬಿಂಬ ಮುಂಗಾಜಿನಲ್ಲಿ ಎಷ್ಟು ಕಾಣಿಸಿತು; ಒಂದು ಬಂಪರ್, ಒಂದು ಬಾನೆಟ್ ಪೇಂಟ್ ಮಾಡಲು ಅಧಿಕೃತ ಸರ್ವಿಸ್ ಸೆಂಟರ್ ಹೇಳುವ ದರ ಎಷ್ಟು. ಕಾರು ಓಡಿಸಿ ನೋಡುವ ತಮ್ಮ ವರದಿಗಾರರಿಗೆ ಇದು ಒಂದು ಫೋನ್ ಕರೆ, ಒಂದು ಮಧ್ಯಾಹ್ನದ ಕೆಲಸ. ಇವು ಸ್ಪೋರ್ಟ್ಸ್ ಕಾರಿಗೆ ಮಾತ್ರವಲ್ಲ, ಹತ್ತು ಲಕ್ಷದ ಕಾರು ಕೊಳ್ಳುವವರಿಗೂ ಬೇಕಾದ ಸಾಲುಗಳು.

ಇಂತಿ ತಮ್ಮ,
ಕಾರು ಪೇಂಟಿಂಗ್ ವೃತ್ತಿಯಲ್ಲಿರುವ ಓದುಗ, ಬೆಂಗಳೂರು